ಹಣ್ಣು, ಅನ್ನ, ಮೈತೂಕ: ಹೆತ್ತೂರಿನ ಒಂದು ಸಂವಾದ

ಕಾರ್ಬೋಹೈಡ್ರೇಟ್ ಅಥವಾ ಶರ್ಕರಪಿಷ್ಟ ಒಂದೇ ಪದಾರ್ಥವಲ್ಲ. ಅಕ್ಕಿ, ರಾಗಿ, ಗೆಣಸಿನ ಪಿಷ್ಟ; ಹಣ್ಣು, ಜೇನು, ಕಬ್ಬಿನ ಸಕ್ಕರೆ; ಸೊಪ್ಪು, ಸಿಪ್ಪೆ, ತೌಡಿನ ನಾರು: ಈ ಮೂರೂ ಒಂದೇ ಗುಂಪಿಗೆ ಸೇರುತ್ತವೆ. ಪಿಷ್ಟ ಮತ್ತು ಸಕ್ಕರೆಯಿಂದ ದೇಹಕ್ಕೆ ಗ್ರಾಂಗೆ ಸುಮಾರು 4 ಕ್ಯಾಲೊರಿ ಸಿಗುತ್ತದೆ. ಪ್ರೋಟೀನಿನಿಂದಲೂ ಅಷ್ಟೇ, ಕೊಬ್ಬಿನಿಂದ 9. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಸೂಕ್ಷ್ಮಜೀವಿಗಳ ಆಹಾರವಾಗುತ್ತದೆ. ಅದರಿಂದ ದಕ್ಕುವುದು ಗ್ರಾಂಗೆ ಸುಮಾರು 2 ಕ್ಯಾಲೊರಿ. ಮೈತೂಕದ ಚರ್ಚೆಯಲ್ಲಿ ಈ ಮೂರನ್ನೂ ಒಂದೇ ಹೆಸರಿನಿಂದ ಕರೆದು, ಒಂದೇ ಆರೋಪಕ್ಕೆ ಗುರಿಮಾಡುವುದರಿಂದ ಗೊಂದಲ ಹುಟ್ಟುತ್ತದೆ.

ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಅದರ ಆಚೀಚಿನ ಯಸಳೂರು, ವನಗೂರು, ಬಿಸಿಲೆ ಕಡೆಯ ಊರುಗಳು ಕಾಫಿ, ಏಲಕ್ಕಿ, ಮೆಣಸು, ಭತ್ತದ ಸೀಮೆ. ಇಲ್ಲಿನ ಊಟಕ್ಕೆ ಅಕ್ಕಿಯೇ ಆಧಾರ: ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಇಲ್ಲವೇ ಮುದ್ದೆ, ನೆಂಟರು ಬಂದರೆ ಒತ್ತುಶಾವಿಗೆ. ತೋಟದಲ್ಲಿ ಹಲಸು, ಬಾಳೆ, ಕಿತ್ತಳೆ; ಹಿತ್ತಿಲಲ್ಲಿ ಸೀಬೆ, ಚಕ್ಕೋತ, ಪರಂಗಿ, ಬೆಣ್ಣೆಹಣ್ಣು. ಆದರೂ ಮೈ ಇಳಿಸಬೇಕು ಎಂದವರಿಗೆ ಮೊದಲು ಸಿಗುವ ಬುದ್ಧಿಮಾತು, ಹಣ್ಣು ಬಿಡು, ಅದರಲ್ಲಿ ಸಕ್ಕರೆ ಇದೆ ಎಂಬುದು. ಮುಂದಿನ ಸಂವಾದದಲ್ಲಿ ಮಾತಾಡುವವರು ಇಬ್ಬರು: ಹೆತ್ತೂರಿನ ಒಬ್ಬ ಹಿರಿಯ ಕಾಫಿ ಬೆಳೆಗಾರ, ಆಹಾರ ವಿಜ್ಞಾನ ಓದಿದ ಅವರ ತಮ್ಮನ ಮಗಳು.

ದುಡಿಮೆ ಮತ್ತು ತಟ್ಟೆ

ದೊಡ್ಡಪ್ಪ: ಅಲ್ಲ ಕಣವ್ವ, ಹಿಂದಿನವರು ಐದಾರು ಕಡುಬು ಮುಗಿಸಿ ಗದ್ದೆಗೆ ಇಳಿಯುತ್ತಿದ್ದರು. ಯಾರಿಗೂ ಹೊಟ್ಟೆ ಬರುತ್ತಿರಲಿಲ್ಲ. ಈಗಿನವರು ಮೂರು ತಿಂದರೂ ಬೆಲ್ಟಿನ ತೂತು ಸಾಲುವುದಿಲ್ಲ. ಅಕ್ಕಿ ಕೆಟ್ಟಿತೋ, ಮೈ ಕೆಟ್ಟಿತೋ?

ಮಗಳು: ಬದಲಾದದ್ದು ದುಡಿಮೆ, ದೊಡ್ಡಪ್ಪ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಇದೆ. 65 ಕೆ.ಜಿ. ತೂಕದ ಗಂಡಸು ಕೂತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮಧ್ಯಮ ದುಡಿಮೆಗೆ 2710, ಭಾರಿ ದುಡಿಮೆಗೆ 3470. 55 ಕೆ.ಜಿ.ಯ ಹೆಂಗಸಿಗೆ ಅದೇ ಕ್ರಮದಲ್ಲಿ 1660, 2130, 2720.

ದೊಡ್ಡಪ್ಪ: ಅದನ್ನು ಅಕ್ಕಿಯ ಲೆಕ್ಕದಲ್ಲಿ ಹೇಳು. ಕ್ಯಾಲೊರಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಮಗಳು: 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ. ಭಾರಿ ದುಡಿಮೆಗೂ ಕೂತ ಕೆಲಸಕ್ಕೂ ಗಂಡಸಿನಲ್ಲಿ ಇರುವ ವ್ಯತ್ಯಾಸ 1360 ಕ್ಯಾಲೊರಿ, ಅಂದರೆ ಹೆಚ್ಚೂಕಡಿಮೆ 380 ಗ್ರಾಂ ಅಕ್ಕಿ. ಹೆಂಗಸರಲ್ಲಿ ಸುಮಾರು 300 ಗ್ರಾಂ. ಒಂದು ರೊಟ್ಟಿಗೆ 60 ಗ್ರಾಂ ಅಕ್ಕಿ ಹಿಡಿಯುತ್ತದೆ ಎಂದುಕೊಂಡರೆ, ಉತ್ತು ನಾಟಿ ಮಾಡಿದವನು ಆರು ರೊಟ್ಟಿ ಹೆಚ್ಚಿಗೆ ತಿಂದರೂ ಸರಿಹೋಗುತ್ತಿತ್ತು. ಆ ಆರು ರೊಟ್ಟಿ ಇವತ್ತು ಲೆಕ್ಕದಿಂದ ಬಿದ್ದುಹೋಗಿವೆ.

ದೊಡ್ಡಪ್ಪ: ನಿಜ. ಎತ್ತು ಹೋಗಿ ಟಿಲ್ಲರ್ ಬಂತು. ಕತ್ತಿ ಹಿಡಿದು ಕಳೆ ಹೊಡೆಯುತ್ತಿದ್ದ ಕಡೆ ಯಂತ್ರ ಗುಂಯ್ಗುಡುತ್ತದೆ. ಒನಕೆ ಹೋಗಿ ಮಿಲ್ಲು, ಒರಳು ಹೋಗಿ ಗ್ರೈಂಡರು. ತೋಟ ನೋಡಲು ಜೀಪು. ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೆ ಹೋಗಿವೆ. ಕಡುಬಿನ ಪಾತ್ರೆ ಮಾತ್ರ ಅಷ್ಟೇ ದೊಡ್ಡದು.

ಮಗಳು: ಅಕ್ಕಿಯೂ ಸ್ವಲ್ಪ ಬದಲಾಗಿದೆ. ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ, ಹಾಸನ ಸೀಮೆಯ ರಾಜಮುಡಿಯಂಥ ಕೆಂಪಕ್ಕಿಯಲ್ಲಿ ತೌಡಿನ ಅಂಶ ಉಳಿಯುತ್ತಿತ್ತು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಕಡಿಮೆ, ಜೀರ್ಣವಾಗುವ ವೇಗ ಹೆಚ್ಚು. ಆದರೂ ಕ್ಯಾಲೊರಿ ಲೆಕ್ಕದಲ್ಲಿ ಎರಡೂ ಅಕ್ಕಿ ಹತ್ತಿರ ಹತ್ತಿರವೇ. ಕೆಂಪಕ್ಕಿ ಅಂತ ಎರಡು ಪಟ್ಟು ಉಂಡರೆ ಲಾಭವಿಲ್ಲ.

ದೊಡ್ಡಪ್ಪ: ದಿನಕ್ಕೆ ಒಂದು ತುತ್ತು ಹೆಚ್ಚಾದರೆ ಅಷ್ಟು ದೊಡ್ಡ ವಿಷಯವೇ?

ಮಗಳು: ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿರುತ್ತದೆ. ಖರ್ಚಿಗಿಂತ ದಿನಕ್ಕೆ 100 ಕ್ಯಾಲೊರಿ, ಅಂದರೆ ಅರ್ಧ ರೊಟ್ಟಿ ಹೆಚ್ಚಾದರೆ ವರ್ಷಕ್ಕೆ ಕಾಗದದ ಮೇಲೆ ನಾಲ್ಕೂವರೆ ಕೆ.ಜಿ. ದಾಟುತ್ತದೆ. ತೂಕ ಏರಿದ ಹಾಗೆ ದೇಹದ ಖರ್ಚೂ ಏರುವುದರಿಂದ ವಾಸ್ತವದಲ್ಲಿ ಅಷ್ಟಾಗುವುದಿಲ್ಲ. ದಿಕ್ಕು ಮಾತ್ರ ಅದೇ.

ದೊಡ್ಡಪ್ಪ: ಇದು ನಮ್ಮ ಮಲೆನಾಡಿನ ಪಾಡೋ, ಎಲ್ಲ ಕಡೆಯದೋ?

ಮಗಳು: ದೇಶದ್ದೇ. ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ವಯಸ್ಕರಲ್ಲಿ ಶೇ. 39.5ರಷ್ಟು ಜನರಿಗೆ ಹೊಟ್ಟೆಯ ಸುತ್ತ ಬೊಜ್ಜು. ಅದೇ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 62 ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ, ಬಹುಪಾಲು ಬಿಳಿ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು ಮತ್ತು ಸಕ್ಕರೆಯಿಂದ. ಆ ದೊಡ್ಡ ಪಾಲನ್ನು ಕಟ್ಟಿದ್ದು ಹಣ್ಣಲ್ಲ.

ಹಣ್ಣಿನ ಸಕ್ಕರೆ, ಡಬ್ಬಿಯ ಸಕ್ಕರೆ

ದೊಡ್ಡಪ್ಪ: ಹಣ್ಣಿನಲ್ಲಿರುವುದೂ ಸಕ್ಕರೆಯೇ ತಾನೆ? ನಾಲಿಗೆಗೆ ಸಿಹಿಯಾದದ್ದು ರಕ್ತಕ್ಕೂ ಸಿಹಿಯೇ.

ಮಗಳು: ಅಣುಗಳು ಅವೇ. ಗ್ಲೂಕೋಸ್, ಫ್ರಕ್ಟೋಸ್, ಅವೆರಡೂ ಕೂಡಿದ ಸುಕ್ರೋಸ್. ಬೇರೆಯಾಗುವುದು ಪ್ರಮಾಣ, ಜೊತೆಗಿರುವ ನೀರು ಮತ್ತು ನಾರು, ತಿನ್ನಲು ಹಿಡಿಯುವ ಹೊತ್ತು. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ. 100 ಗ್ರಾಂ ಕಿತ್ತಳೆ ತೊಳೆಯಲ್ಲಿ 47, ಉಳಿದ ಬಹುಪಾಲು ನೀರು. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ. ಅಷ್ಟೇ ಸಕ್ಕರೆ ಕಿತ್ತಳೆಯಿಂದ ಬರಬೇಕಾದರೆ ಸುಲಿದ ಹಣ್ಣು 400 ಗ್ರಾಂಗೂ ಹೆಚ್ಚು ಬೇಕು. ಅಷ್ಟು ತಿನ್ನುವ ಮೊದಲೇ ಹೊಟ್ಟೆ ಸಾಕು ಅನ್ನುತ್ತದೆ. ಕಾಫಿ ಕುಡಿದರೆ ಹಾಗೆ ಅನ್ನುವುದಿಲ್ಲ.

ದೊಡ್ಡಪ್ಪ: ನಮ್ಮದು ಬೆಲ್ಲದ ಕಾಫಿ. ಅದು ಒಳ್ಳೆಯದು ಎನ್ನುತ್ತಾರೆ.

ಮಗಳು: ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಉಳಿದಿರುತ್ತವೆ, ರುಚಿಯೂ ಬೇರೆ. ತೂಕದ ಲೆಕ್ಕಕ್ಕೆ ಬಂದರೆ ಬೆಲ್ಲ, ಜೇನು, ಸಕ್ಕರೆ ಒಂದೇ ಸಾಲಿನವು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ಬೆರೆಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಉಣ್ಣುವವರಿಗೆ ಅದು 50 ಗ್ರಾಂ, 25 ಗ್ರಾಂ. ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಈ ಮಿತಿಯಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ದೊಡ್ಡಪ್ಪ: ಇದೊಂದು ಸೋಜಿಗ. ಹಣ್ಣು ಲೆಕ್ಕಕ್ಕಿಲ್ಲ, ಅದರ ರಸ ಲೆಕ್ಕಕ್ಕಿದೆ. ಹಿಂಡಿದರೆ ಹಣ್ಣಿಗೆ ಏನಾಗುತ್ತದೆ?

ಮಗಳು: ನಾರು ಸೋಸುವ ಬಟ್ಟೆಯಲ್ಲೇ ಉಳಿಯುತ್ತದೆ, ಅಗಿಯುವ ಹೊತ್ತು ಇಲ್ಲವಾಗುತ್ತದೆ. ಇದನ್ನು ಅಳೆದು ತೋರಿಸಿದ ಪ್ರಯೋಗ 1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಒಂದೇ ಪ್ರಮಾಣದ ಸಕ್ಕರೆಯಂಶ ಇರುವಂತೆ ಸೇಬನ್ನು ಇಡಿಯಾಗಿ, ಅರೆದು, ರಸ ಮಾಡಿ ಕೊಟ್ಟರು. ಇಡೀ ಸೇಬಿಗಿಂತ ರಸ 11 ಪಟ್ಟು ಬೇಗ ಒಳಗೆ ಹೋಯಿತು. ಹೊಟ್ಟೆ ತುಂಬಿದ ತೃಪ್ತಿ ಇಡೀ ಹಣ್ಣಿನಲ್ಲಿ ಹೆಚ್ಚು, ಅರೆದದ್ದರಲ್ಲಿ ಕಡಿಮೆ, ರಸದಲ್ಲಿ ಇನ್ನೂ ಕಡಿಮೆ. ರಸ ಕುಡಿದವರಲ್ಲಿ ಇನ್ಸುಲಿನ್ ಹೆಚ್ಚು ಏರಿ, ಆಮೇಲೆ ರಕ್ತದ ಸಕ್ಕರೆ ಮೊದಲಿಗಿಂತ ಕೆಳಗೆ ಇಳಿಯಿತು. ಹಾಗೆ ಇಳಿದರೆ ಮತ್ತೆ ಹಸಿವು.

ದೊಡ್ಡಪ್ಪ: ಹಣ್ಣು ತಿಂದವರು ನಿಜಕ್ಕೂ ದಪ್ಪ ಆಗುವುದಿಲ್ಲವೇ? ಯಾರಾದರೂ ವರ್ಷಗಟ್ಟಲೆ ನೋಡಿದ್ದಾರೋ?

ಮಗಳು: ನೋಡಿದ್ದಾರೆ. ಅಮೆರಿಕದ 1,33,468 ಮಂದಿಯನ್ನು 24 ವರ್ಷ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದು ಪಾಲು ಹಣ್ಣು ಹೆಚ್ಚಿಸಿಕೊಂಡವರ ತೂಕ ಪ್ರತಿ 4 ವರ್ಷದ ಅವಧಿಯಲ್ಲಿ ಇತರರಿಗಿಂತ ಸುಮಾರು ಕಾಲು ಕೆ.ಜಿ. ಕಡಿಮೆ ಇತ್ತು. ಆಲೂಗಡ್ಡೆ, ಮುಸುಕಿನ ಜೋಳದಂಥ ಪಿಷ್ಟದ ತರಕಾರಿ ಹೆಚ್ಚಿಸಿದವರಲ್ಲಿ ತೂಕ ಏರಿತ್ತು. ಕಾಲು ಕೆ.ಜಿ. ದೊಡ್ಡ ಸಂಖ್ಯೆಯಲ್ಲ, ಇಂಥ ಅಧ್ಯಯನ ಕಾರಣವನ್ನು ಖಚಿತವಾಗಿ ಸಾಬೀತುಪಡಿಸುವುದೂ ಇಲ್ಲ. ಆದರೆ ಹಣ್ಣು ಬೊಜ್ಜು ತರುತ್ತದೆ ಎಂಬ ಮಾತಿಗೆ ಅದರಲ್ಲಿ ಆಧಾರ ಸಿಗಲಿಲ್ಲ. ಹಣ್ಣು ಕೊಬ್ಬು ಕರಗಿಸುವ ಮದ್ದೂ ಅಲ್ಲ. ಬೋಂಡ, ಬಿಸ್ಕತ್ತು, ಎರಡನೆಯ ಬಡಿಸಿಕೆ ಇವುಗಳ ಜಾಗಕ್ಕೆ ಹಣ್ಣು ಬಂದಾಗ ಮಾತ್ರ ತೂಕಕ್ಕೆ ಪ್ರಯೋಜನ. ಎಲ್ಲವನ್ನೂ ತಿಂದು ಮೇಲೆ ಹಣ್ಣೂ ತಿಂದರೆ ಅದೂ ಕೂಡಿಕೆಯೇ.

ತೋಟದ ಹಣ್ಣುಗಳು

ದೊಡ್ಡಪ್ಪ: ಹಾಗಾದರೆ ಒಂದೊಂದನ್ನೇ ನೋಡೋಣ. ಮೊದಲು ಬಾಳೆ. ವರ್ಷವಿಡೀ ಗೊನೆ ಇರುತ್ತದೆ.

ಮಗಳು: 100 ಗ್ರಾಂ ಬಾಳೆಯಲ್ಲಿ ಸುಮಾರು 90ರಿಂದ 105 ಕ್ಯಾಲೊರಿ, 23 ಗ್ರಾಂನಷ್ಟು ಕಾರ್ಬೋಹೈಡ್ರೇಟ್. ಏಲಕ್ಕಿ ಬಾಳೆ ಸಣ್ಣದು, ಎರಡು ತಿಂದರೆ ಒಂದು ಪಾಲು. ಕಾಯಿ ಹಣ್ಣಾಗುವಾಗ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಭಾಗ ಜೀರ್ಣವಾಗದೆ ನಾರಿನ ಹಾಗೆ ದೊಡ್ಡ ಕರುಳಿಗೆ ಹೋಗುತ್ತದೆ. ಆದ್ದರಿಂದ ಬಾಳೆಕಾಯಿ ಪಲ್ಯ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ.

ದೊಡ್ಡಪ್ಪ: ಹಲಸು? ಮಳೆಗಾಲ ಹಿಡಿಯುವ ಹೊತ್ತಿಗೆ ಮರದ ಬುಡದಲ್ಲಿ ರಾಶಿ. ಒಂದು ಹಣ್ಣು ಕೊಯ್ದರೆ ಎಷ್ಟು ತೊಳೆ ಒಳಗೆ ಹೋಯಿತೆಂದು ಎಣಿಸುವವರಿಲ್ಲ.

ಮಗಳು: ಎಣಿಸಬೇಕಾದ ಹಣ್ಣು ಅದೇ. 100 ಗ್ರಾಂ ತೊಳೆಗೆ ಸುಮಾರು 95 ಕ್ಯಾಲೊರಿ, 23 ಗ್ರಾಂ ಕಾರ್ಬೋಹೈಡ್ರೇಟ್, ನಾರು ಒಂದೂವರೆ ಗ್ರಾಂ ಮಾತ್ರ. ಬೀಜ ತೆಗೆದ ತೊಳೆ 25 ಗ್ರಾಂ ತೂಗಿದರೆ ಹತ್ತು ತೊಳೆಗೆ ಒಂದು ರೊಟ್ಟಿಗಿಂತ ಹೆಚ್ಚಿನ ಶಕ್ತಿ. ನಾಲ್ಕು ತೊಳೆ ಒಂದು ಪಾಲು. ಹಲಸಿನ ಬೀಜ ಪಿಷ್ಟದ ಗಂಟು. ಸಾರಿಗೆ ಹಾಕಿದ ದಿನ ಅನ್ನ ಕಡಿಮೆ ಮಾಡಬೇಕು. ಎಳೆ ಹಲಸಿನ ಪಲ್ಯದಲ್ಲಿ ಸಕ್ಕರೆ ಕಡಿಮೆ, ಅದು ತರಕಾರಿಯ ಲೆಕ್ಕ. ಹಪ್ಪಳ ಕರಿದರೆ ಎಣ್ಣೆಯ ಲೆಕ್ಕವೂ ಸೇರುತ್ತದೆ.

ದೊಡ್ಡಪ್ಪ: ಕಿತ್ತಳೆ ಒಂದು ಕಾಲದಲ್ಲಿ ಕಾಫಿ ಗಿಡಗಳ ನಡುವೆ ಎಲ್ಲ ಕಡೆ ಇತ್ತು. ರೋಗ ಬಂದು ಮರಗಳು ಒಣಗಿದವು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತು ಸಿಕ್ಕಿದೆ, ತೋಟದಲ್ಲಿ ಮಾತ್ರ ಮರ ಹುಡುಕಬೇಕು.

ಮಗಳು: ತೂಕ ಇಳಿಸುವವರಿಗೆ ಅದು, ಚಕ್ಕೋತ, ಪರಂಗಿ, ಸೀಬೆ ನಾಲ್ಕೂ ಹೇಳಿ ಮಾಡಿಸಿದ ಹಣ್ಣು. ಚಕ್ಕೋತಕ್ಕೆ 100 ಗ್ರಾಂಗೆ 38, ಪರಂಗಿಗೆ 43, ಸೀಬೆಗೆ 68 ಕ್ಯಾಲೊರಿ. ಸೀಬೆಯಲ್ಲಿ 5 ಗ್ರಾಂ ದಾಟಿ ನಾರು, ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಸಿ ಜೀವಸತ್ವ. ಪೇಟೆಯಿಂದ ತರಿಸುವ ಸೇಬಿಗೆ ಕೊಡುವ ಮರ್ಯಾದೆಯನ್ನು ಹಿತ್ತಿಲ ಸೀಬೆಗೆ ಕೊಡಬೇಕು. ಆಸ್ಟ್ರೇಲಿಯಾದಲ್ಲಿ 1995ರಲ್ಲಿ, ಸಮ ಕ್ಯಾಲೊರಿಯ 38 ತಿನಿಸುಗಳು ಹೊಟ್ಟೆಯನ್ನು ಎಷ್ಟು ತಣಿಸುತ್ತವೆ ಎಂದು ಅಳೆದರು. ಬೇಯಿಸಿದ ಆಲೂಗಡ್ಡೆ ಎಲ್ಲಕ್ಕಿಂತ ಮೇಲೆ, ಕಿತ್ತಳೆ, ಸೇಬು ಮೇಲಿನ ಸಾಲಿನಲ್ಲಿ, ಕೇಕು ಕೆಳಗಿನ ಸಾಲಿನಲ್ಲಿ ಬಂದವು.

ದೊಡ್ಡಪ್ಪ: ಆಲೂಗಡ್ಡೆಯೇ ಮೇಲೆ? ಅದನ್ನು ಈಗ ತಾನೆ ಬೈದೆ.

ಮಗಳು: ಬೇಯಿಸಿದ್ದು ಬೇರೆ, ಎಣ್ಣೆಯಲ್ಲಿ ಕರಿದದ್ದು ಬೇರೆ. ತಿಂದ ಎರಡು ಗಂಟೆಯ ತೃಪ್ತಿ ಬೇರೆ, ವರ್ಷಗಳ ತಿನ್ನುವ ರೂಢಿ ಬೇರೆ. ಪದಾರ್ಥ ಒಂದೇ ಆದರೂ ಅಡುಗೆ ಅದರ ಲೆಕ್ಕವನ್ನು ಬದಲಿಸುತ್ತದೆ. ಬೆಣ್ಣೆಹಣ್ಣಿನ ವಿಷಯವೂ ಹಾಗೇ. ಅದರಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ನಾರು 100 ಗ್ರಾಂಗೆ ಸುಮಾರು 7 ಗ್ರಾಂ. ಆದರೆ 15 ಗ್ರಾಂ ಕೊಬ್ಬು, 160 ಕ್ಯಾಲೊರಿ. ಕೊಬ್ಬು ಒಳ್ಳೆಯ ಜಾತಿಯದು, ಅರ್ಧ ಹಣ್ಣು ಸಾಕು. ಅದಕ್ಕೆ ಹಾಲು, ನಾಲ್ಕು ಚಮಚ ಸಕ್ಕರೆ ಹಾಕಿ ಜ್ಯೂಸ್ ಮಾಡಿದರೆ ಅದು ಒಂದು ಊಟ.

ಅನ್ನ ಬಿಟ್ಟರೆ ಏನಾಗುತ್ತದೆ

ದೊಡ್ಡಪ್ಪ: ಬೆಂಗಳೂರಿನಿಂದ ಬರುವ ಹುಡುಗರು ಅನ್ನ ಮುಟ್ಟುವುದಿಲ್ಲ, ರೊಟ್ಟಿ ಮುಟ್ಟುವುದಿಲ್ಲ. ಬರೀ ಮೊಟ್ಟೆ, ಕೋಳಿ, ಪನೀರು. ಒಂದೇ ವಾರದಲ್ಲಿ ಎರಡು ಕೆ.ಜಿ. ಇಳಿದೆ ಎನ್ನುತ್ತಾರೆ. ಸುಳ್ಳೇ?

ಮಗಳು: ತೂಕದ ಯಂತ್ರ ಸುಳ್ಳು ಹೇಳಿಲ್ಲ. ಇಳಿದದ್ದು ಕೊಬ್ಬು ಎಂದುಕೊಂಡರೆ ಮಾತ್ರ ತಪ್ಪು. ಉಂಡ ಪಿಷ್ಟದ ಒಂದು ಭಾಗವನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಕಣಜಕ್ಕೆ ತುಂಬಿದ ಹಾಗೆ ಕೂಡಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ. ಒಂದೊಂದು ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು. ಅನ್ನ ನಿಲ್ಲಿಸಿದರೆ ಈ ದಾಸ್ತಾನು ಕರಗಿ ನೀರೂ ಹೊರಟುಹೋಗುತ್ತದೆ. ಅರ್ಧ ಕೆ.ಜಿ. ಗ್ಲೈಕೋಜನ್, ಒಂದೂವರೆ ಕೆ.ಜಿ. ನೀರು ಸೇರಿದರೆ ಅದೇ ಎರಡು ಕೆ.ಜಿ. ಒಂದೆರಡು ದಿನ ಕಡುಬು ತಿಂದರೆ ವಾಪಸು ಬರುತ್ತದೆ.

ದೊಡ್ಡಪ್ಪ: ಹಾಗಾದರೆ ಆ ಪದ್ಧತಿ ಬರೀ ಮೋಸವೋ?

ಮಗಳು: ಮೋಸವಲ್ಲ. ಪಾಲಿಸಿದವರಲ್ಲಿ ಕೊಬ್ಬೂ ಇಳಿಯುತ್ತದೆ, ಏಕೆಂದರೆ ಒಟ್ಟು ತಿನ್ನುವುದು ಕಡಿಮೆಯಾಗುತ್ತದೆ. ಆದರೆ ಬೇರೆ ದಾರಿಗಿಂತ ಮೇಲೆಂದು ಕಂಡಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿ, 2018ರಲ್ಲಿ ಫಲಿತಾಂಶ ಕೊಟ್ಟರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರು 6 ಕೆ.ಜಿ. ಇಳಿದಿದ್ದರು. ಸಂಖ್ಯಾಶಾಸ್ತ್ರದ ಪ್ರಕಾರ ಅದು ವ್ಯತ್ಯಾಸವೇ ಅಲ್ಲ. ಎರಡೂ ಗುಂಪಿಗೆ ಹೇಳಿದ್ದ ಸಮಾನ ಮಾತು: ಸಕ್ಕರೆ ಬಿಡಿ, ನುಣ್ಣಗೆ ಮಾಡಿದ ಹಿಟ್ಟಿನ ತಿನಿಸು ಬಿಡಿ, ತರಕಾರಿ ಹೆಚ್ಚಿಸಿ, ಮನೆಯಲ್ಲಿ ಅಡುಗೆ ಮಾಡಿ.

ದೊಡ್ಡಪ್ಪ: ಅನ್ನ ಬಿಡುವುದಕ್ಕಿಂತ ಬೇಕರಿ ಬಿಡುವುದು ಮುಖ್ಯ ಅನ್ನು.

ಮಗಳು: ಅದಕ್ಕೂ ಪುರಾವೆ ಇದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ಒಳಗೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಮಾಮೂಲು ಅಡುಗೆ ಕೊಟ್ಟರು. ಬಡಿಸಿದ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಸಮವಾಗಿದ್ದವು; ಬೇಕಾದಷ್ಟು ತಿನ್ನಲು ಬಿಟ್ಟಿದ್ದರು. ಕಾರ್ಖಾನೆಯ ತಿನಿಸಿನ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಮೃದುವಾದದ್ದು, ಬೇಗ ನುಂಗುವಂಥದ್ದು ಹೊಟ್ಟೆ ಎಚ್ಚರಿಸುವ ಮೊದಲೇ ಒಳಗೆ ಹೋಗಿರುತ್ತದೆ.

ಓಟ, ಜಿಮ್, ಬೆಟ್ಟ

ದೊಡ್ಡಪ್ಪ: ಈ ಕಡೆಯ ಹುಡುಗರು ಸೇನೆಗೆ, ಪೊಲೀಸಿಗೆ ಸೇರಲು 1600 ಮೀಟರ್ ಓಟ ಅಭ್ಯಾಸ ಮಾಡುತ್ತಾರೆ. ಅವರೂ ಅನ್ನ ಬಿಡಬೇಕೇ?

ಮಗಳು: ಅವರು ಬಿಡಲೇಬಾರದು. ವೇಗ ಏರಿದಷ್ಟೂ ಸ್ನಾಯು ಕೊಬ್ಬಿಗಿಂತ ಗ್ಲೈಕೋಜನ್ನನ್ನೇ ಹೆಚ್ಚು ಸುಡುತ್ತದೆ. ದಾಸ್ತಾನು ಖಾಲಿಯಾದರೆ ಕಾಲು ಭಾರವಾಗುತ್ತದೆ. 1600 ಮೀಟರ್ ಓಡಲು ಇರುವ ದಾಸ್ತಾನು ಧಾರಾಳ ಸಾಕು, ವಿಶೇಷ ಪಾನೀಯ ಬೇಡ. ಗಂಟೆ ದಾಟುವ ಶ್ರಮಕ್ಕೆ ಮಾತ್ರ, ಉದಾಹರಣೆಗೆ ಪುಷ್ಪಗಿರಿ ಬೆಟ್ಟ ಹತ್ತುವಾಗ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಎರಡು ಮೂರು ಬಾಳೆಹಣ್ಣು ಅದನ್ನು ಒದಗಿಸುತ್ತವೆ. 14 ಮಂದಿ ಪಳಗಿದ ಸೈಕಲ್ ಸವಾರರಿಗೆ 75 ಕಿ.ಮೀ. ಓಟದಲ್ಲಿ ಒಮ್ಮೆ ಬಾಳೆಹಣ್ಣು, ಒಮ್ಮೆ ಕ್ರೀಡಾ ಪಾನೀಯ ಕೊಟ್ಟು ನೋಡಿದ 2012ರ ಪ್ರಯೋಗದಲ್ಲಿ ಎರಡರ ಫಲವೂ ಒಂದೇ ಆಗಿತ್ತು.

ದೊಡ್ಡಪ್ಪ: ಜಿಮ್ಮಿಗೆ ಹೋಗುವವರು ಪ್ರೋಟೀನ್ ಪುಡಿಯ ಡಬ್ಬ ಹೊತ್ತು ತರುತ್ತಾರೆ.

ಮಗಳು: ಪ್ರೋಟೀನ್ ಬೇಕು, ಡಬ್ಬವೇ ಆಗಬೇಕೆಂದಿಲ್ಲ. ಸಾಮಾನ್ಯ ವಯಸ್ಕರಿಗೆ ಕೆ.ಜಿ. ಮೈತೂಕಕ್ಕೆ 0.83 ಗ್ರಾಂ, ಭಾರ ಎತ್ತುವವರಿಗೆ, ತೂಕ ಇಳಿಸುವಾಗ ಸ್ನಾಯು ಉಳಿಸಿಕೊಳ್ಳಬೇಕಾದವರಿಗೆ ಅದಕ್ಕಿಂತ ಹೆಚ್ಚು. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಅವರೆ, ಅಲಸಂದೆ, ಮೀನು, ಕೋಳಿ ಎಲ್ಲ ಇಲ್ಲೇ ಸಿಗುತ್ತವೆ. ಹಣ್ಣಿನಲ್ಲಿ ಪ್ರೋಟೀನ್ ಅತ್ಯಲ್ಪ. ಬರೀ ಹಣ್ಣು ತಿಂದು ಮೈ ಇಳಿಸುವವರು ಕೊಬ್ಬಿನ ಜೊತೆ ಸ್ನಾಯುವನ್ನೂ ಕಳೆದುಕೊಳ್ಳುತ್ತಾರೆ.

ದೊಡ್ಡಪ್ಪ: ನಡೆದರೆ ಎಷ್ಟು ಕರಗುತ್ತದೆ?

ಮಗಳು: 60 ಕೆ.ಜಿ. ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ನೂರು ಚಿಲ್ಲರೆ ಕ್ಯಾಲೊರಿ, ಅಂದರೆ ಅರ್ಧ ರೊಟ್ಟಿ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ, ಉಳಿಯುವುದು ನಡಿಗೆಯಿಂದ. ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಎರಡು ದಿನ ಸ್ನಾಯುಗಳಿಗೆ ಕಸುವಿನ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಹೊರಗೆ ಕಾಲಿಡಲಾಗದ ಜಡಿಮಳೆಯ ತಿಂಗಳುಗಳಲ್ಲಿ ಜಗಲಿಯಲ್ಲೇ ಬಸ್ಕಿ ಹೊಡೆಯಬಹುದು, ಮೆಟ್ಟಿಲು ಹತ್ತಿಳಿಯಬಹುದು.

ದೊಡ್ಡಪ್ಪ: ರಾತ್ರಿ ಹಣ್ಣು ತಿಂದರೆ ಕೊಬ್ಬಾಗುತ್ತದೆ, ಊಟದ ಮೇಲೆ ತಿಂದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ ಎನ್ನುತ್ತಾರೆ.

ಮಗಳು: ಎರಡಕ್ಕೂ ಆಧಾರವಿಲ್ಲ. ಜಠರದ ಆಮ್ಲದಲ್ಲಿ ಹಣ್ಣು ಕೊಳೆಯುವುದಿಲ್ಲ. ದೇಹ ನೋಡುವುದು ಒಟ್ಟು ಪ್ರಮಾಣವನ್ನು. ಊಟಕ್ಕೆ ಮೊದಲು ಹಣ್ಣು ಅಥವಾ ಕೋಸಂಬರಿ ತಿಂದರೆ ಅನ್ನ ತಾನಾಗಿ ಕಡಿಮೆಯಾಗುವುದು ಒಂದು ಅನುಕೂಲ.

ಸಕ್ಕರೆ ಕಾಯಿಲೆ ಇದ್ದರೆ

ದೊಡ್ಡಪ್ಪ: ಸಕ್ಕರೆ ಕಾಯಿಲೆಯವರು ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು ಎಂಬ ಮಾತಿದೆ.

ಮಗಳು: ರಾಗಿಯಲ್ಲಿ ನಾರು ಅಕ್ಕಿಗಿಂತ ಬಹಳ ಹೆಚ್ಚು, 100 ಗ್ರಾಂಗೆ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ. ಆದರೆ ಪಿಷ್ಟವೂ 67 ಗ್ರಾಂನಷ್ಟಿದೆ. ನುಣ್ಣನೆಯ ಹಿಟ್ಟಿನ ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ವೇಗವಾಗಿ ಏರಿಸುತ್ತದೆ ಎಂದು ಅಳೆಯುವ ಗ್ಲೈಸೀಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ರೂಪಿಸಿದರು. ಅದರಲ್ಲಿ ಬಹುತೇಕ ಹಣ್ಣುಗಳು ಬಿಳಿ ಅನ್ನಕ್ಕಿಂತ ಕೆಳಗೆ ಬರುತ್ತವೆ. ಸೂಚ್ಯಂಕ ವೇಗವನ್ನು ಮಾತ್ರ ಹೇಳುತ್ತದೆ, ಎಷ್ಟು ತಿನ್ನಬೇಕೆಂದು ಹೇಳುವುದಿಲ್ಲ.

ದೊಡ್ಡಪ್ಪ: ಅವರು ಹಣ್ಣು ತಿನ್ನಬಹುದೋ ಇಲ್ಲವೋ, ಅದನ್ನು ಹೇಳು.

ಮಗಳು: ತಿನ್ನಬಹುದು. ಒಮ್ಮೆಗೆ ಒಂದು ಪಾಲು, ಇಡಿಯಾಗಿ, ರಸ ಮಾಡದೆ. 1,87,382 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದ್ರಾಕ್ಷಿ, ಸೇಬಿನಂಥ ಇಡೀ ಹಣ್ಣು ತಿನ್ನುವವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಕಡಿಮೆ, ಹಣ್ಣಿನ ರಸ ಕುಡಿಯುವವರಿಗೆ ಹೆಚ್ಚು ಎಂದು ಕಂಡಿತು. ಸೀಬೆ, ಪರಂಗಿ, ಕಿತ್ತಳೆ, ನೇರಳೆ ಮೊದಲ ಆಯ್ಕೆ. ಹಲಸು, ಮಾವು ಅಳತೆಯಲ್ಲಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ವೈದ್ಯರನ್ನು ಕೇಳಿಯೇ ಬದಲಿಸಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಬಾಳೆ, ಕಿತ್ತಳೆಯ ಪೊಟ್ಯಾಸಿಯಂ ಭಾರವಾಗುತ್ತದೆ.

ದಿನದ ತಟ್ಟೆ

ದೊಡ್ಡಪ್ಪ: ಮೈ ಹೆಚ್ಚಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತೂಕದ ಯಂತ್ರ ಎಲ್ಲರ ಮನೆಯಲ್ಲೂ ಇಲ್ಲ.

ಮಗಳು: ಟೇಪು ಸಾಕು. ಭಾರತೀಯ ಗಂಡಸರ ಹೊಟ್ಟೆಯ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಅಪಾಯ ಅಷ್ಟೇ.

ದೊಡ್ಡಪ್ಪ: ಕೊನೆಗೆ ಊಟ ಹೇಗಿರಬೇಕು?

ಮಗಳು: ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ತಟ್ಟೆಯ ಲೆಕ್ಕ ಇದೆ. ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಧಾನ್ಯದಿಂದ ಬರುವ ಶಕ್ತಿ ಶೇ. 45 ಮೀರಬಾರದು, ಉಳಿದದ್ದು ಕಾಳು, ಹಾಲು ಮೊಸರು, ಬೀಜ, ಎಣ್ಣೆ ಇಲ್ಲವೇ ಮೀನು ಮೊಟ್ಟೆಯಿಂದ. ಹೆತ್ತೂರಿನ ಅಡುಗೆಮನೆಗೆ ಇದನ್ನು ಒಗ್ಗಿಸುವುದು ಕಷ್ಟವಲ್ಲ. ಬೆಳಿಗ್ಗೆ ಎರಡು ಕಡುಬು ಅಥವಾ ಎರಡು ರೊಟ್ಟಿ, ಜೊತೆಗೆ ಕಾಳಿನ ಪಲ್ಯ ಅಥವಾ ಮೊಟ್ಟೆ. ಹತ್ತು ಗಂಟೆಗೆ ಬಿಸ್ಕತ್ತಿನ ಬದಲು ಒಂದು ಸೀಬೆ. ಮಧ್ಯಾಹ್ನ ಮೊದಲು ಪಲ್ಯ, ಸೊಪ್ಪಿನ ಸಾರು, ಆಮೇಲೆ ಒಂದೇ ಬಡಿಸಿಕೆಯ ಅನ್ನ. ಕಳಲೆ, ಕೆಸು, ಅಣಬೆಯ ಕಾಲದಲ್ಲಿ ಅವುಗಳ ಪಾಲು ದೊಡ್ಡದಾಗಲಿ. ರಾತ್ರಿ ಸಣ್ಣ ಮುದ್ದೆ, ಬಸ್ಸಾರು, ಮಜ್ಜಿಗೆ. ಕಾಫಿಗೆ ಸಿಹಿ ಅರ್ಧ.

ದೊಡ್ಡಪ್ಪ: ತೋಟದಲ್ಲಿ ದಿನವಿಡೀ ಕಾಫಿ ಹಣ್ಣು ಕುಯ್ಯುವ ಆಳುಗಳಿಗೂ ಇದೇ ಅಳತೆಯೇ?

ಮಗಳು: ಇಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಇಳಿಜಾರಿನಲ್ಲಿ ಕಾಫಿ ಕುಯ್ದು ಮೂಟೆ ಹೊರುವವರಿಗೆ, ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಮರಗಸಿ ಮಾಡುವವರಿಗೆ, ಅನ್ನ ರೊಟ್ಟಿ ಹೆಚ್ಚೇ ಬೇಕು. ಅವರ ತಟ್ಟೆಯಲ್ಲಿ ಕಡಿಮೆ ಬೀಳುವುದು ಕಾಳು, ಮೊಟ್ಟೆ, ಹಣ್ಣು. ತೋಟದ ಸಾಹುಕಾರರೂ ಅವರಷ್ಟೇ ಅನ್ನ ಉಂಡು ಕುರ್ಚಿಯಲ್ಲಿ ಕೂತರೆ ಮಾತ್ರ ಲೆಕ್ಕ ತಪ್ಪುತ್ತದೆ.

ದೊಡ್ಡಪ್ಪ: ಒಟ್ಟು ತೀರ್ಮಾನ ಇಷ್ಟೇ ಅನ್ನು: ಹಣ್ಣಿನ ಮೇಲೆ ಹೊರಿಸಿದ ಅಪರಾಧ ಹಣ್ಣಿನದಲ್ಲ.

ಮಗಳು: ಹೌದು, ಅನ್ನದ್ದೂ ಪೂರ್ತಿ ಅಲ್ಲ. ಕಾರ್ಬೋಹೈಡ್ರೇಟ್ ದುಡಿಮೆಯ ಇಂಧನ. ದುಡಿಮೆ ಇದ್ದಷ್ಟು ಅನ್ನ, ದಿನಕ್ಕೆ ಒಂದೆರಡು ಪಾಲು ಇಡೀ ಹಣ್ಣು, ಸಕ್ಕರೆ ಮತ್ತು ರಸ ಆದಷ್ಟು ಕಡಿಮೆ. ತೂಕ ಇಳಿಸಬೇಕಾದವರು ಮೊದಲು ಕಡಿಮೆ ಮಾಡಬೇಕಾದದ್ದು ಕಾಫಿಯ ಸಿಹಿ, ಬೇಕರಿಯ ತಿಂಡಿ ಮತ್ತು ಅನ್ನದ ಎರಡನೆಯ ಬಡಿಸಿಕೆ. ಹಿತ್ತಿಲ ಹಣ್ಣನ್ನು ಬಿಡುವ ಅಗತ್ಯ ಇಲ್ಲ.